ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆ ಬಿಟ್ಟ ಮಗು ಇಂದು ರಾತ್ರಿ ಎಲ್ಲಿ ಮಲಗಬೇಕು?

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಈ ಸಲ ಮಕ್ಕಳ ಆಶ್ರಯದ ಪ್ರಶ್ನೆಗಳೇ ಹೆಚ್ಚು. ಬರೆದವರ ಹೆಸರನ್ನೂ ಮಕ್ಕಳ ಗುರುತು ಸಿಗುವಂಥ ವಿವರವನ್ನೂ ಬೇಕೆಂದೇ ಬಿಟ್ಟಿದ್ದೇವೆ.

ಪ್ರಶ್ನೆ: ದಾವಣಗೆರೆ ರೈಲು ನಿಲ್ದಾಣದ ಹತ್ತಿರ ನಮ್ಮದೊಂದು ಖಾನಾವಳಿ ಇದೆ. ಹುಬ್ಬಳ್ಳಿ ಕಡೆಯಿಂದ ಬಂದ ಹುಡುಗನೊಬ್ಬ ನಿನ್ನೆಯಿಂದ ಬಾಗಿಲಲ್ಲೇ ಇದ್ದಾನೆ. ವಯಸ್ಸು ಕೇಳಿದರೆ ಹತ್ತೊಂಬತ್ತು ಅಂತಾನೆ, ನೋಡಿದರೆ ಹದಿನಾಲ್ಕು ದಾಟಿದ ಹಾಗಿಲ್ಲ. ಊಟ ಕೊಟ್ಟಿದ್ದೇವೆ. ಪೊಲೀಸರು ಅಂದರೆ ಹೆದರಿ ಓಡಿಹೋಗ್ತಾನೆ ಅನ್ನೋ ಭಯ. ಸ್ವಲ್ಪ ದಿನ ನಮ್ಮಲ್ಲೇ ಇಟ್ಟುಕೊಂಡು ತಟ್ಟೆ ಲೋಟ ತೊಳೆಯೋ ಕೆಲಸ ಕೊಟ್ಟರೆ ತಪ್ಪೇನು?
— ಖಾನಾವಳಿ ಮಾಲೀಕರು, ದಾವಣಗೆರೆ

ಉತ್ತರ: ಊಟ ಹಾಕಿದ್ದು ಸರಿ. ಇಟ್ಟುಕೊಳ್ಳುವುದು ಬೇಡ, ಕೆಲಸವಂತೂ ಬೇಡವೇ ಬೇಡ. 14 ವರ್ಷದೊಳಗಿನ ಮಗುವನ್ನು ಹೋಟೆಲು, ಖಾನಾವಳಿ, ಮಂಡಕ್ಕಿ ಭಟ್ಟಿ, ಎಲ್ಲೇ ದುಡಿಸಿಕೊಂಡರೂ ಮಾಲೀಕರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಇನ್ನೊಂದು ಮಾತು: ದಿಕ್ಕಿಲ್ಲದೆ ಸಿಕ್ಕ ಮಗುವಿನ ವಿಷಯವನ್ನು 24 ಗಂಟೆಯೊಳಗೆ ತಿಳಿಸಬೇಕಾದದ್ದು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಕಂಡವರೆಲ್ಲರ ಹೊಣೆ. ನಿನ್ನೆಯೇ ಬಂದಿದ್ದಾನೆ ಅಂದಮೇಲೆ ಇದನ್ನು ಓದಿದ ಕೂಡಲೇ ಫೋನ್ ಮಾಡಿ.

ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಕಟ್ಟಾಗುವುದಿಲ್ಲ. 2023ರಿಂದ ಸರ್ಕಾರವೇ ಇದನ್ನು ನಡೆಸುತ್ತಿದ್ದು, ತುರ್ತು ಸಂಖ್ಯೆ 112ರ ಜೊತೆಗೂ ಜೋಡಿಸಿದ್ದಾರೆ. ಹುಡುಗ ಈಗ ಎಲ್ಲಿ ಕೂತಿದ್ದಾನೆ, ಅಂದಾಜು ವಯಸ್ಸು, ಯಾವ ಭಾಷೆ ಆಡುತ್ತಾನೆ, ಮೈಮೇಲೆ ಗಾಯ ಇದೆಯೇ, ಜೊತೆಗೆ ಯಾರಾದರೂ ಇದ್ದಾರೆಯೇ ಎಂಬಷ್ಟನ್ನು ಹೇಳಿ. ಫೋನ್ ಮಾಡಿದ ಸಮಯವನ್ನು ಬರೆದಿಟ್ಟುಕೊಳ್ಳಿ. ಅವನು ಪ್ಲಾಟ್‌ಫಾರಂ ಮೇಲಿದ್ದರೆ ರೈಲ್ವೆ ರಕ್ಷಣಾ ಪಡೆಯವರಿಗೂ ಹೇಳಬಹುದು.

ಓಡಿಹೋಗುವ ಭಯ ನಿಜವೇ. ಅದಕ್ಕಾಗಿಯೇ ಹುಡುಗನಿಗೆ ಮೊದಲೇ ಹೇಳಿ: "ಮಕ್ಕಳಿಗೆ ಸಹಾಯ ಮಾಡೋರು ಬರ್ತಾರೆ, ನಿನ್ನ ಮಾತು ಕೇಳಿಸಿಕೊಳ್ತಾರೆ, ಜೈಲಲ್ಲ." ಹಿಂದಿನಿಂದ ಮೋಸ ಮಾಡಿದರು ಅನ್ನಿಸಿದರೆ ಮುಂದೆ ಯಾರನ್ನೂ ನಂಬುವುದಿಲ್ಲ. ಪೊಲೀಸರೇ ಬಂದರೂ ವಿಶೇಷ ಬಾಲ ಪೊಲೀಸ್ ಘಟಕದವರು ಸಮವಸ್ತ್ರ ಹಾಕದೆ ಬರಬೇಕು, ಮಗುವನ್ನು ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ.

ಎರಡು ಕೆಲಸ ಮಾತ್ರ ಮಾಡಬೇಡಿ. ಅವನ ಮನೆಗೆ ನೀವೇ ಫೋನ್ ಮಾಡಬೇಡಿ. ಅವನು ಯಾರಿಂದ ತಪ್ಪಿಸಿಕೊಂಡು ಬಂದಿದ್ದಾನೋ ಅವರೇ ಆ ಫೋನ್ ಎತ್ತಬಹುದು. ಫೋಟೊ ತೆಗೆದು "ಈ ಹುಡುಗನ ಪರಿಚಯ ಇದ್ದವರು ತಿಳಿಸಿ" ಎಂದು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ಮಗುವಿನ ಗುರುತು ಬಯಲು ಮಾಡುವುದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಇದೆ.

ಮುಂದಿನದ್ದು ಹೀಗೆ ನಡೆಯುತ್ತದೆ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಅವನನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ. ಸಮಿತಿ ಆ ದಿನ ಕೂತಿರದಿದ್ದರೆ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ಸಾಕು, ಆ ರಾತ್ರಿಯ ವ್ಯವಸ್ಥೆ ಆಗುತ್ತದೆ. ಅಧ್ಯಕ್ಷರೂ ಸೇರಿ ಐದು ಜನರ ಈ ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕು. ಹುಡುಗನನ್ನು ಅಲ್ಪಕಾಲ ಉಳಿಯುವ ತೆರೆದ ತಂಗುದಾಣಕ್ಕೋ ಬಾಲಮಂದಿರಕ್ಕೋ ಕಳಿಸಿ, 15 ದಿನದಲ್ಲಿ ಮನೆಯ ಪರಿಸ್ಥಿತಿಯ ವರದಿ ತರಿಸಿಕೊಳ್ಳುತ್ತದೆ. ಅಂತಿಮ ಆದೇಶಕ್ಕೆ ನಾಲ್ಕು ತಿಂಗಳ ಗಡುವು. ವಯಸ್ಸಿನ ಅನುಮಾನಕ್ಕೆ ಮೊದಲು ನೋಡುವುದು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ.

ಕೆಡುವುದು ಎಲ್ಲಿ ಅಂದರೆ, ಅಪ್ಪ ಅಮ್ಮ ಬಂದು ಅತ್ತ ಕೂಡಲೇ ಅದೇ ದಿನ ಮಗುವನ್ನು ಒಪ್ಪಿಸಿಬಿಟ್ಟಾಗ. ಬಿಟ್ಟುಬಂದ ಕಾರಣ ಹಾಗೇ ಉಳಿದಿರುತ್ತದೆ, ಹುಡುಗ ಮತ್ತೆ ರೈಲು ಹತ್ತುತ್ತಾನೆ. ಈ ಸಲ ಇನ್ನೂ ದೂರದ್ದು.

ಪ್ರಶ್ನೆ: ನಮ್ಮ ಕಾಲೇಜಿನ ದ್ವಿತೀಯ ಪಿಯುಸಿ ವಿದ್ಯಾರ್ಥಿನಿಗೆ ಮನೆಯಲ್ಲಿ ಮದುವೆ ಗೊತ್ತು ಮಾಡಿದ್ದಾರೆ. 18 ತುಂಬಲು ಇನ್ನೂ ಐದು ತಿಂಗಳಿದೆ. "ಮನೆಗೆ ಹೋಗಲ್ಲ ಮೇಡಂ, ಎಲ್ಲಾದರೂ ಹಾಸ್ಟೆಲಿಗೆ ಸೇರಿಸಿ" ಅಂತಾಳೆ. ಪರೀಕ್ಷೆಯೂ ಹತ್ತಿರ ಇದೆ. ದೂರು ಕೊಟ್ಟು ಅವಳನ್ನು ಸರ್ಕಾರಿ ಮಂದಿರಕ್ಕೆ ಹಾಕಿದರೆ ಓದು ನಿಲ್ಲುವುದಿಲ್ಲವೇ?
— ಉಪನ್ಯಾಸಕಿ, ಚಳ್ಳಕೆರೆ ತಾಲ್ಲೂಕು

ಉತ್ತರ: ಮೇಡಂ, ನೀವಾಗಿಯೇ ಹಾಸ್ಟೆಲಿಗೆ ಸೇರಿಸಿದರೆ ಪೋಷಕರು ನಾಳೆಯೇ ಬಂದು ಕರೆದುಕೊಂಡು ಹೋಗಬಹುದು. ತಡೆಯುವ ಅಧಿಕಾರ ವಾರ್ಡನ್‌ಗೆ ಇಲ್ಲ. ಅವಳ ಕೈಯಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಇದ್ದರೆ ಮಾತು ಬೇರೆ. ಮದುವೆಯ ಅಪಾಯದಲ್ಲಿರುವ ಅಪ್ರಾಪ್ತೆಯನ್ನು ರಕ್ಷಣೆ ಬೇಕಾದ ಮಗು ಎಂದೇ ಕಾಯ್ದೆ ಪರಿಗಣಿಸುತ್ತದೆ.

1098ಕ್ಕೆ ಫೋನ್ ಮಾಡಿ, ಜೊತೆಗೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರಿಗೆ ಬರಹದಲ್ಲೇ ತಿಳಿಸಿ. ಮದುವೆ ದಿನ, ಛತ್ರ ಅಥವಾ ದೇವಸ್ಥಾನ, ಗಂಡಿನ ಊರು, ಹುಡುಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಜನ್ಮದಿನಾಂಕ ಇಷ್ಟು ಇರಲಿ. ಲಗ್ನಪತ್ರಿಕೆ ಅಚ್ಚಾಗಿದ್ದರೆ ಒಂದು ಪ್ರತಿ ಸಾಕ್ಷಿಗೆ ಆಗುತ್ತದೆ. ಬಾಲ್ಯವಿವಾಹ ನಿಷೇಧಾಧಿಕಾರಿಗಳು ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬಹುದು. ಕರ್ನಾಟಕದ 2016ರ ತಿದ್ದುಪಡಿಯಿಂದ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಈ ಮಾತನ್ನು ಗಂಡಿನ ಕಡೆಯವರಿಗೆ ಅಧಿಕಾರಿಗಳು ಹೋಗಿ ಹೇಳಬೇಕು. ಹೆಣ್ಣಿನ ಮನೆಗೆ ಮಾತ್ರ ಹೋಗಿ ಬಂದರೆ ಅರ್ಧ ಕೆಲಸ.

ನಮ್ಮ ಭಾಗದಲ್ಲಿ ಇದು ಕೈತಪ್ಪುವ ಬಗೆ ಒಂದೇ ತೆರ. ಪೋಷಕರು "18 ತುಂಬುವವರೆಗೆ ಮದುವೆ ಮಾಡುವುದಿಲ್ಲ" ಎಂದು ಮುಚ್ಚಳಿಕೆ ಬರೆದುಕೊಡುತ್ತಾರೆ, ಹುಡುಗಿಯನ್ನು ಮನೆಗೆ ಕರೆದೊಯ್ಯುತ್ತಾರೆ, ಆಮೇಲೆ ಬೇರೆ ತಾಲ್ಲೂಕಿನ ನೆಂಟರ ಊರಿನಲ್ಲಿ ರಾತ್ರೋರಾತ್ರಿ ತಾಳಿ ಕಟ್ಟಿಸುತ್ತಾರೆ. ಮೊಳಕಾಲ್ಮೂರು, ಚಳ್ಳಕೆರೆಯವರಿಗೆ ಆಂಧ್ರದ ಗಡಿ ದಾಟುವುದು ದೊಡ್ಡ ಮಾತಲ್ಲ. ಆದ್ದರಿಂದ ಮುಚ್ಚಳಿಕೆಯ ಜೊತೆಗೆ ವಾರಕ್ಕೊಮ್ಮೆ ಹುಡುಗಿಯನ್ನು ಯಾರು ಕಂಡು ಬರುತ್ತಾರೆ ಎಂಬುದೂ ಆದೇಶದಲ್ಲಿ ಇರಲಿ ಎಂದು ಸಮಿತಿಯನ್ನು ಕೇಳಿ. ಅವಳು ಎರಡು ದಿನ ತರಗತಿಗೆ ಬರದಿದ್ದರೆ ನೀವೇ ತಿಳಿಸಿ.

ಓದಿನ ವಿಷಯ. ಸಮಿತಿಯ ಮುಂದೆ ಹೋಗುವ ದಿನವೇ ಪರೀಕ್ಷೆಯ ವೇಳಾಪಟ್ಟಿ, ಪರೀಕ್ಷಾ ಕೇಂದ್ರ, ಪ್ರವೇಶಪತ್ರ ಸಿಗುವ ದಿನ ಬರೆದು ಕೊಡಿ. ಬಾಲಮಂದಿರದಿಂದ ಪರೀಕ್ಷೆಗೆ ಕರೆದೊಯ್ಯಲು ಜೊತೆಗಾರರು, ವಾಹನ ಬೇಕು. ಕೊನೆ ಗಳಿಗೆಯಲ್ಲಿ ಕೇಳಿದರೆ ಸಿಬ್ಬಂದಿ ಇರುವುದಿಲ್ಲ, ಪರೀಕ್ಷೆ ತಪ್ಪುತ್ತದೆ. ಪುಸ್ತಕ, ನೋಟ್ಸು, ಅಂಕಪಟ್ಟಿ, ಆಧಾರ್ ಮನೆಯಲ್ಲೇ ಉಳಿದುಬಿಡುವುದು ಸಾಮಾನ್ಯ. ಕಾಲೇಜಿನ ಕಡತದಲ್ಲಿರುವ ಪ್ರತಿಗಳನ್ನು ದೃಢೀಕರಿಸಿ ಅವಳ ಕೈಗೆ ಕೊಡಿ.

ಐದು ತಿಂಗಳಾದ ಮೇಲೆ ಏನು ಎಂಬುದೂ ಈಗಲೇ ಯೋಚಿಸಬೇಕಾದ ಸಂಗತಿ. 18 ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ ಪಶ್ಚಾತ್ ಪಾಲನೆ ಎಂಬ ಸೌಲಭ್ಯ ಇದೆ. ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ, 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಇದು ಬಾಲಮಂದಿರದಂಥ ಪಾಲನಾ ಸಂಸ್ಥೆಯಲ್ಲಿ ಇದ್ದು ಹೊರಬಂದವರಿಗೆ ಮಾತ್ರ. ಯಾವ ಆದೇಶವೂ ಇಲ್ಲದೆ ಗೆಳತಿಯ ಮನೆಯಲ್ಲಿ ಐದು ತಿಂಗಳು ಕಳೆದ ಹುಡುಗಿಗೆ 18 ತುಂಬಿದ ಮರುದಿನ ಈ ಬಾಗಿಲು ಮುಚ್ಚಿರುತ್ತದೆ. ಸಂಸ್ಥೆ ಎಂದರೆ ಹಿಂಜರಿಯುವ ಮೊದಲು ಇದನ್ನು ಅವಳಿಗೆ ವಿವರಿಸಿ ಹೇಳಿ. ತೀರ್ಮಾನ ಮಾಡುವಾಗ ಸಮಿತಿ ಅವಳ ಅಭಿಪ್ರಾಯ ಕೇಳಲೇಬೇಕು.

ಪ್ರಶ್ನೆ: ಯಜಮಾನರು ತೀರಿಕೊಂಡು ಒಂದು ವರ್ಷ. ಮೂರು ಮಕ್ಕಳು, ನಾನು ಕೂಲಿಗೆ ಹೋಗ್ತೀನಿ. ದೊಡ್ಡ ಮಗನನ್ನು ಬಾಲಮಂದಿರಕ್ಕೆ ಸೇರಿಸಿದರೆ ಊಟ, ಓದು ಎರಡೂ ಆಗ್ತದೆ ಅಂತ ಪಕ್ಕದ ಮನೆಯವರು ಹೇಳ್ತಾರೆ. ಹೇಗೆ ಸೇರಿಸೋದು?
— ತಾಯಿ, ಹರಿಹರ

ಉತ್ತರ: ತಾಯಿ, ಬಡತನ ಒಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬಿಡಿಸಬೇಕಾಗಿಲ್ಲ. ಸಂಸ್ಥೆ ಎಂಬುದು ಬೇರೆ ದಾರಿಯೇ ಇಲ್ಲದಾಗ ಕೊನೆಯದು ಎಂದು ಕಾನೂನೇ ಹೇಳುತ್ತದೆ. ಮಗ ನಿಮ್ಮ ಜೊತೆಯಲ್ಲೇ ಇರಲಿ, ಪ್ರಾಯೋಜಕತ್ವ ಯೋಜನೆಗೆ ಅರ್ಜಿ ಹಾಕಿ. ಆಯ್ಕೆಯಾದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ವಿಧವೆಯರ ಮಕ್ಕಳು ಇದರಲ್ಲಿ ಬರುತ್ತಾರೆ. ಮನೆಯ ವರ್ಷದ ಆದಾಯ ಹಳ್ಳಿಯಲ್ಲಾದರೆ 72,000, ಪಟ್ಟಣದಲ್ಲಾದರೆ 96,000 ರೂಪಾಯಿ ದಾಟಿರಬಾರದು.

ಅರ್ಜಿ ಕೊಡುವುದು ದಾವಣಗೆರೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಅಷ್ಟು ದೂರ ಹೋಗಲು ಆಗದಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನೋ ಸಿಡಿಪಿಒ ಕಚೇರಿಯನ್ನೋ ಕೇಳಿ. ಯಜಮಾನರ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ನಿಮ್ಮ ಮತ್ತು ಮಗನ ಆಧಾರ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಇಟ್ಟುಕೊಳ್ಳಿ. ಮನೆಗೆ ಬಂದು ವಿಚಾರಿಸಿದ ಮೇಲೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ಮಂಜೂರು ಮಾಡುತ್ತದೆ.

ಮಂಜೂರಾದರೂ ಹಣ ಬಾರದಿರಲು ಕಾರಣ ಸಾಮಾನ್ಯವಾಗಿ ಬ್ಯಾಂಕಿನಲ್ಲೇ ಇರುತ್ತದೆ: ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ಖಾತೆ ನಿಷ್ಕ್ರಿಯವಾಗಿರುತ್ತದೆ, ಶಾಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇರುತ್ತದೆ. ಅರ್ಜಿ ಹಾಕುವ ಮೊದಲೇ ಇದನ್ನು ಸರಿಮಾಡಿಸಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಬರೆಸಿಕೊಳ್ಳದೆ ಬರಬೇಡಿ. ಯಾವ ಹಂತದಲ್ಲೂ ಶುಲ್ಕ ಇಲ್ಲ, ದುಡ್ಡು ಕೇಳಿದವರಿಗೆ ಕೊಡಬೇಡಿ.

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಒಂದು ಟ್ರಸ್ಟ್ ಮಾಡಿದ್ದೇವೆ. ಮನೆ ಬಿಟ್ಟು ಬಂದ ಹುಡುಗರಿಗೆ ದಾವಣಗೆರೆಯಲ್ಲಿ 25 ಮಕ್ಕಳ ಒಂದು ತಂಗುದಾಣ ತೆರೆಯಬೇಕೆಂದಿದೆ. ಹಳೆಯ ಮನೆಯೊಂದು ಬಾಡಿಗೆಗೆ ಸಿಕ್ಕಿದೆ. ಸರ್ಕಾರದಿಂದ ಅನುದಾನ ಬರುತ್ತದೆಯೇ? ಎಷ್ಟು ಖರ್ಚಾಗುತ್ತದೆ?
— ಟ್ರಸ್ಟ್ ಕಾರ್ಯದರ್ಶಿ, ದಾವಣಗೆರೆ

ಉತ್ತರ: ಬಾಡಿಗೆ ಮುಂಗಡ ಕೊಡುವ ಮೊದಲು ನೋಂದಣಿಯ ಮಾತು. ಅನುದಾನ ಬರಲಿ, ಬಾರದಿರಲಿ, ಆಸರೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಯಾವುದೇ ಸಂಸ್ಥೆ ಬಾಲನ್ಯಾಯ ಕಾಯ್ದೆಯ 41ನೇ ಕಲಮಿನಡಿ ನೋಂದಣಿ ಆಗಿರಬೇಕು. ನೋಂದಣಿ ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷಕ್ಕೆ ಕಡಿಮೆ ಇಲ್ಲದ ದಂಡ, ಇಲ್ಲವೇ ಎರಡೂ. ನೋಂದಣಿ ಐದು ವರ್ಷಕ್ಕೆ. "ಮೊದಲು ಮಕ್ಕಳು ಬರಲಿ, ಕಾಗದ ಆಮೇಲೆ" ಅನ್ನುವುದು ಒಳ್ಳೆಯ ಮನಸ್ಸಿನವರೇ ಮಾಡುವ ತಪ್ಪು. ಸಮಿತಿಯ ಆದೇಶವಿಲ್ಲದೆ ಒಳಗೆ ಬಂದ ಮಗುವಿಗೆ ಏನಾದರೂ ಆದರೆ ಹೊಣೆಯೆಲ್ಲ ನಿಮ್ಮದೇ.

ಹಳೆಯ ಮನೆ ಸಾಕಾಗುತ್ತದೆಯೇ ಎಂದು ಅಳೆದು ನೋಡಿ. 2016ರ ಮಾದರಿ ನಿಯಮದ ಪ್ರಕಾರ ಮಲಗುವ ಕೋಣೆಯಲ್ಲಿ 25 ಮಕ್ಕಳಿಗೆ 1,000 ಚದರಡಿ, ಅಂದರೆ ಒಬ್ಬರಿಗೆ 40. ಏಳು ಮಕ್ಕಳಿಗೆ ಒಂದು ಶೌಚಾಲಯ, ಹತ್ತು ಮಕ್ಕಳಿಗೆ ಒಂದು ಬಚ್ಚಲು. 25 ಮಕ್ಕಳಿಗೆ ನಾಲ್ಕು ಶೌಚಾಲಯ, ಮೂರು ಬಚ್ಚಲು ಬೇಕಾಯಿತು. ಹಳೆಯ ಮನೆಗಳು ಸೋಲುವುದು ಇಲ್ಲೇ. ಆಪ್ತಸಮಾಲೋಚನೆಗೆ ಬೇರೆ ಕೋಣೆ ಇರಲಿ. ನಾಲ್ಕು ಜನ ಓಡಾಡುವ ಹಜಾರದಲ್ಲಿ ಯಾವ ಹುಡುಗನೂ ನಡೆದದ್ದನ್ನು ಹೇಳುವುದಿಲ್ಲ.

ಇನ್ನು ಹಣ. ಮಿಷನ್ ವಾತ್ಸಲ್ಯದ ವೆಚ್ಚವನ್ನು ನಮ್ಮ ರಾಜ್ಯದಲ್ಲಿ ಕೇಂದ್ರ 60, ರಾಜ್ಯ 40ರ ಪ್ರಮಾಣದಲ್ಲಿ ಭರಿಸುತ್ತವೆ. ಸಂಸ್ಥೆಯಲ್ಲಿರುವ ಮಗುವಿಗೆ ಪಾಲನಾ ವೆಚ್ಚ ತಿಂಗಳಿಗೆ 3,000 ರೂಪಾಯಿ. ದಿನಕ್ಕೆ ನೂರು. ಊಟ, ಬಟ್ಟೆ, ಸೋಪು, ಔಷಧಿ ಇದರಲ್ಲೇ ಆಗಬೇಕು. ಮಾದರಿ ನಿಯಮದ ಆಹಾರಪಟ್ಟಿಯಲ್ಲಿ ಒಂದು ಮಗುವಿಗೆ ದಿನಕ್ಕೆ 600 ಗ್ರಾಂ ಧಾನ್ಯ, 120 ಗ್ರಾಂ ಬೇಳೆಕಾಳು, 150 ಮಿಲಿಲೀಟರ್ ಹಾಲು. 16 ದಾಟಿದವರಿಗೆ ಧಾನ್ಯ 700 ಗ್ರಾಂ. 25 ಮಕ್ಕಳಿಗೆ ತಿಂಗಳಿಗೆ ನಾಲ್ಕೂವರೆ ಕ್ವಿಂಟಲ್ ಅಕ್ಕಿ, ರಾಗಿ, ಜೋಳ, 90 ಕೆಜಿ ಬೇಳೆ, ಸುಮಾರು 112 ಲೀಟರ್ ಹಾಲು. ಇವತ್ತಿನ ಅಂಗಡಿ ದರ ಹಾಕಿ ನೀವೇ ಕೂಡಿಸಿ ನೋಡಿ, ತರಕಾರಿ ಮೊಟ್ಟೆಗೆ ಎಷ್ಟು ಉಳಿಯುತ್ತದೆ ತಿಳಿಯುತ್ತದೆ.

25 ಮಕ್ಕಳು ತುಂಬಿದ್ದರೆ ಪಾಲನಾ ವೆಚ್ಚ ತಿಂಗಳಿಗೆ 75,000, ವರ್ಷಕ್ಕೆ ಒಂಬತ್ತು ಲಕ್ಷ. ಆದರೆ ಇದು ತಲೆಲೆಕ್ಕದ ಹಣ. ಈ ತಿಂಗಳು 12 ಮಕ್ಕಳೇ ಇದ್ದರೆ ಬರುವುದು 36,000. ಒಲೆಯ ಗ್ಯಾಸು, ಬಾಡಿಗೆ, ಕರೆಂಟು ಅರ್ಧಕ್ಕೆ ಇಳಿಯುವುದಿಲ್ಲ. ಬಾಲಮಂದಿರಕ್ಕೂ ತುರ್ತು ತಂಗುದಾಣಕ್ಕೂ ಇರುವ ವ್ಯತ್ಯಾಸವೇ ಇದು. ತಂಗುದಾಣದಲ್ಲಿ ಕೆಲವು ಹಾಸಿಗೆ ಯಾವಾಗಲೂ ಖಾಲಿ ಇರಬೇಕು, ಇಲ್ಲವಾದರೆ ಇವತ್ತು ರಾತ್ರಿ ಒಂದು ಗಂಟೆಗೆ ಬಂದ ಮಗುವಿಗೆ ಜಾಗವಿಲ್ಲ. ಆ ಖಾಲಿ ಹಾಸಿಗೆಗೆ ತಲೆಲೆಕ್ಕದಲ್ಲಿ ಬೆಲೆಯೇ ಇಲ್ಲ. ಸಂಖ್ಯೆ ತುಂಬಿಸಲೆಂದು ಮನೆಗೆ ಹೋಗಬಹುದಾದ ಮಕ್ಕಳನ್ನು ಉಳಿಸಿಕೊಳ್ಳುವ ಆಸೆ ಹುಟ್ಟುವುದು ಇಲ್ಲಿಂದಲೇ. ಆ ಆಸೆಗೆ ಬೀಳದಿರಬೇಕಾದರೆ ಖಾಲಿ ಹಾಸಿಗೆಯ ಖರ್ಚನ್ನು ಊರಿನ ದೇಣಿಗೆಯಿಂದ ಮೊದಲೇ ಎತ್ತಿಡಬೇಕು.

ಸಿಬ್ಬಂದಿಯ ಲೆಕ್ಕದಲ್ಲೂ ಎಲ್ಲರೂ ತಪ್ಪುತ್ತಾರೆ. ವಾರಕ್ಕೆ 168 ಗಂಟೆ. ಒಬ್ಬರು ದುಡಿಯುವುದು 48 ಗಂಟೆ. ಹಗಲು ರಾತ್ರಿ ಒಬ್ಬ ಪಾಲಕ ಎಚ್ಚರವಾಗಿರಬೇಕೆಂದರೆ ಮೂರೂವರೆ ಜನ, ರಜೆ ಸೇರಿದರೆ ನಾಲ್ಕು ಜನ ಬೇಕು. ಒಬ್ಬರನ್ನೇ ಇಟ್ಟು ಅಲ್ಲೇ ಮಲಗಲು ಹೇಳುವ ಕಡೆ ರಾತ್ರಿ ಜಗಳ, ಹೊಡೆದಾಟ, ದೊಡ್ಡ ಹುಡುಗರಿಂದ ಚಿಕ್ಕವರ ಮೇಲೆ ದೌರ್ಜನ್ಯ ನಡೆಯುತ್ತದೆ. ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆ ಆಗಲೇಬೇಕು, ಅಡುಗೆಯವರದೂ ಸೇರಿ.

ಅನುದಾನ ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಕಂತಿನಲ್ಲಿ ಬರುತ್ತದೆ, ಹಿಂದಿನ ಕಂತಿನ ಹಣ ಬಳಕೆ ಪ್ರಮಾಣಪತ್ರ ಕೊಟ್ಟ ಮೇಲೆ ಮುಂದಿನದು. ಲೆಕ್ಕ ಪರಿಶೋಧಕರು ತಡಮಾಡಿದರೆ, ಬಿಲ್ಲು ಸಂಸ್ಥೆಯ ಹೆಸರಲ್ಲಿ ಇಲ್ಲದಿದ್ದರೆ, ಹಾಜರಾತಿ ಪುಸ್ತಕದ ತಲೆಗೂ ಸಮಿತಿಯ ಆದೇಶದ ಸಂಖ್ಯೆಗೂ ತಾಳೆ ಆಗದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ನಾಲ್ಕು ತಿಂಗಳು ತಡವಾದರೆ ಪಾಲನೆಗಷ್ಟೇ ಮೂರು ಲಕ್ಷ ಕೈಯಿಂದ ಹಾಕಬೇಕು, ಸಂಬಳ ಬೇರೆ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಇಲ್ಲದೆ ಬಾಗಿಲು ತೆರೆಯಬೇಡಿ.

ಬೇರೆ ಹಣದ ಮೂಲಗಳು: ಟ್ರಸ್ಟನ್ನು ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ನೋಂದಾಯಿಸಿ, ಟ್ರಸ್ಟಿಗೂ ದಾನಿಗಳಿಗೂ ಆದಾಯ ತೆರಿಗೆ ವಿನಾಯಿತಿ ಕೊಡಿಸುವ, 12ಎ, 80ಜಿ ಎಂದು ರೂಢಿಯಲ್ಲಿರುವ ನೋಂದಣಿ ಮಾಡಿಸಿ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗದು, ಚೆಕ್ಕು ಅಥವಾ ಆನ್‌ಲೈನ್ ಪಾವತಿ ಕೇಳಿ. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ಕಡ್ಡಾಯವಾಗುವುದು ವರ್ಷದ ನಿವ್ವಳ ಲಾಭ 5 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಆಸ್ತಿ 500 ಕೋಟಿ ಮುಟ್ಟಿದ ಕಂಪನಿಗಳಿಗೆ. ಮಂಡಿಪೇಟೆಯ ಅಂಗಡಿಗಳು ಸಾಮಾನ್ಯವಾಗಿ ಆ ಲೆಕ್ಕಕ್ಕೆ ಬರುವುದಿಲ್ಲ, ಅವರಿಂದ ತಿಂಗಳಿಗಿಷ್ಟು ಎಂಬ ನಿಗದಿಯ ಮಾತು ಪಡೆಯುವುದೇ ಮೇಲು. ವಿದೇಶದಲ್ಲಿರುವ ಊರಿನವರು ವಿದೇಶಿ ಪೌರತ್ವ ಪಡೆದಿದ್ದರೆ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ಅವರ ಹಣ ಮುಟ್ಟಬೇಡಿ.

ನಮ್ಮ ಅಭಿಪ್ರಾಯ ಕೇಳಿದರೆ, ಮೊದಲ ವರ್ಷವೇ ಕಟ್ಟಡಕ್ಕೆ ಇಳಿಯಬೇಡಿ. 51ನೇ ಕಲಮಿನಡಿ ಅರ್ಹ ಸಂಸ್ಥೆ ಎಂದು ಮಾನ್ಯತೆ ಕೇಳಿ, ಕೆಲವೇ ಮಕ್ಕಳಿಗೆ ಅಲ್ಪಕಾಲದ ಆಸರೆ ಕೊಡಲು ಕಲಿಯಿರಿ. ಈಗಿರುವ ತಂಗುದಾಣಕ್ಕೆ ಒಬ್ಬ ಆಪ್ತಸಮಾಲೋಚಕರ ಸಂಬಳ ಕೊಟ್ಟರೂ ದೊಡ್ಡ ಕೆಲಸವೇ.

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಬಾಲಮಂದಿರದಲ್ಲಿ ಹೋಳಿಗೆ ಊಟ ಹಾಕಿಸಿ, ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳಬಹುದೇ?
— ಓದುಗರು, ಹೊಳಲ್ಕೆರೆ

ಉತ್ತರ: ಊಟಕ್ಕೆ ಅಧೀಕ್ಷಕರ ಒಪ್ಪಿಗೆ ಪಡೆಯಿರಿ. ಫೋಟೊ ಬೇಡ, ಕಾರಣ ಮೊದಲ ಉತ್ತರದಲ್ಲೇ ಇದೆ. ಸಿಹಿಯೂಟ ಹಾಕಿಸಲು ಬರುವವರು ಹಲವರು. ಕೊರತೆ ಇರುವುದು ಅಳತೆಗೆ ಸರಿಯಾದ ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್, ಚಪ್ಪಲಿ, ಕನ್ನಡಕ, ಮಗುವನ್ನು ಊರಿಗೆ ಬಿಟ್ಟುಬರುವ ಬಸ್ ಚಾರ್ಜು ಇಂಥವಕ್ಕೆ. ಏನು ಬೇಕು, ಯಾವ ಅಳತೆ, ಎಷ್ಟು ಎಂದು ಕೇಳಿ ತನ್ನಿ. ಹಳೆಯ ಬಟ್ಟೆ ಬೇಡ.

ಪ್ರಶ್ನೆ: ತಮ್ಮನ ಸ್ನೇಹಿತನಿಗೆ 19 ವರ್ಷ. ಅಪ್ಪ ಹೊಡೆದು ಹೊರಹಾಕಿದ್ದಾರೆ. ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದಾನೆ, ಸಾಯುವ ಮಾತಾಡುತ್ತಾನೆ. 1098ಕ್ಕೆ ಫೋನ್ ಮಾಡಿದರೆ ಆಗುತ್ತದೆಯೇ?
— ಓದುಗರು, ಚಿತ್ರದುರ್ಗ

ಉತ್ತರ: ಮೊದಲು ಜೀವ. ಇವತ್ತು ಅವನನ್ನು ಒಂಟಿಯಾಗಿ ಬಿಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಅವನ ಜೊತೆ ಕೂತೇ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡಬಹುದು, ಹಗಲು ರಾತ್ರಿ ಸಿಗುತ್ತಾರೆ. ಪ್ರಯತ್ನ ಮಾಡಿಕೊಂಡಿದ್ದರೆ ಅಥವಾ ಕೈಯಲ್ಲಿ ಕೀಟನಾಶಕ, ಮಾತ್ರೆ ಇಟ್ಟುಕೊಂಡಿದ್ದರೆ ತಡಮಾಡದೆ 112ಕ್ಕೆ ಫೋನ್ ಮಾಡಿ ಅಥವಾ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ.

ಆಸರೆಯ ವಿಷಯದಲ್ಲಿ, 18 ದಾಟಿದ ಹುಡುಗರಿಗೆ ವ್ಯವಸ್ಥೆ ತೀರಾ ತೆಳು. 1098 ಮತ್ತು ಮಕ್ಕಳ ಕಲ್ಯಾಣ ಸಮಿತಿ 18ರೊಳಗಿನವರಿಗೆ. ಅದೇ ವಯಸ್ಸಿನ ಹುಡುಗಿಯಾಗಿದ್ದರೆ 181 ಮಹಿಳಾ ಸಹಾಯವಾಣಿ, ನೊಂದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರದಲ್ಲಿ ಐದು ದಿನದವರೆಗೆ ವಾಸ, ಆಮೇಲೆ ಹೆಚ್ಚು ದಿನದ ಆಸರೆಗೆ ಶಕ್ತಿ ಸದನ ಎಂಬ ದಾರಿ ಇದೆ. ಹುಡುಗರಿಗೆ ಅಂಥದ್ದು ಇಲ್ಲದಿರುವುದು ದೊಡ್ಡ ಲೋಪ, ಜಿಲ್ಲಾ ಮಟ್ಟದ ಸಭೆಗಳಲ್ಲಿ ಕೇಳಲೇಬೇಕಾದ ಪ್ರಶ್ನೆ.

ಸದ್ಯಕ್ಕೆ ಇರುವ ದಾರಿ ನಗರಾಡಳಿತದ ವಸತಿರಹಿತರ ತಂಗುದಾಣ. ಅಂಥದ್ದು ಹತ್ತಿರ ಎಲ್ಲಿದೆ, ಇವತ್ತು ಜಾಗವಿದೆಯೇ ಎಂದು ನಗರಸಭೆಯಲ್ಲಿ ವಿಚಾರಿಸಿ. ಅಲ್ಲಿ ವಯಸ್ಸಾದವರು, ಕುಡಿತ ಇರುವವರು ಜೊತೆಗಿರಬಹುದು. ನಂಬಿಕೆಯ ನೆಂಟರು, ಸ್ನೇಹಿತರ ಮನೆ ಇದ್ದರೆ ಅದೇ ಮೇಲು. ಅಪ್ಪನ ಹಲ್ಲೆಯ ಗಾಯಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ದಾಖಲು ಮಾಡಿಸಿ. ಕಾನೂನು ಸಲಹೆಗೆ 15100ಕ್ಕೆ ಫೋನ್ ಮಾಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದು. ಅವನು ಹಿಂದೆ ಬಾಲಮಂದಿರದಲ್ಲಿ ಇದ್ದವನೇ ಎಂದು ಒಮ್ಮೆ ಕೇಳಿ. ಹೌದಾದರೆ ಪಶ್ಚಾತ್ ಪಾಲನೆಗೆ 19ರಲ್ಲೂ ಅರ್ಜಿ ಹಾಕಬಹುದು; ಹಳೆಯ ಆದೇಶದ ಪ್ರತಿ ಕಳೆದಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಲಿ.